ಯುರೋಪಿನ ಹಳೇ ಬೇಟೆ ಕಾಡತೂಸುಗಳು: ಯಾವುದಕ್ಕೆ ಎಷ್ಟು ಬಳಕೆ, ಲೆಕ್ಕ ಹಾಕುವುದು ಹೇಗೆ?

6.5×55 ಸ್ವೀಡಿಷ್, 7×57, 7×64, 8×57 ಐಎಸ್, 9.3×62. ಇವೆಲ್ಲ ಕಾಡತೂಸುಗಳ ಹೆಸರು: ಮೊದಲ ಅಂಕಿ ಸುಮಾರಾಗಿ ಗುಂಡಿನ ದಪ್ಪ, ಎರಡನೆಯದು ಕೋಶದ ಉದ್ದ, ಎರಡೂ ಮಿ.ಮೀ.ನಲ್ಲಿ. ಇವುಗಳಲ್ಲಿ ಬೇಟೆಗಾರರು ಹೆಚ್ಚು ಬಳಸುವುದು ಯಾವುದು ಎಂದು ತಿಳಿಯಲು ಮಾರಾಟವಾದ ಡಬ್ಬಿಗಳನ್ನು ಎಣಿಸಿದರೆ ಸಾಲದು.

ಮೊದಲು ಒಂದು ದೇಶವನ್ನು ಆರಿಸಿಕೊಳ್ಳಿ. ಇಡೀ ಯುರೋಪನ್ನು ಒಟ್ಟಿಗೆ ಹಿಡಿದರೆ ಲೆಕ್ಕ ಅಲ್ಲೇ ಕೆಡುತ್ತದೆ, ಏಕೆಂದರೆ ಯಾವ ಕಾಡತೂಸು ನಡೆಯುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲಿನ ಕಾನೂನಿನ ಕೈಯಲ್ಲಿದೆ. ಫ್ರಾನ್ಸಿನಲ್ಲಿ 2013ರವರೆಗೆ ಸೈನ್ಯದ ಕ್ಯಾಲಿಬರ್‌ಗಳ ಮೇಲೆ ನಿರ್ಬಂಧವಿತ್ತು. .30-06, .308, 8×57 ಐಎಸ್ ಬೇಟೆಗಾರರಿಗೆ ಸುಲಭವಾಗಿ ಸಿಗುತ್ತಿರಲಿಲ್ಲ; ಆ ಜಾಗವನ್ನು 7×64 ಮತ್ತು ರಿಮ್ (ಬುಡದಲ್ಲಿ ಹೊರಚಾಚಿದ ಅಂಚು) ಇರುವ 8×57 ಐಆರ್‌ಎಸ್ ತುಂಬಿದವು. ಹಾಗಾಗಿ ಅಲ್ಲಿ 2013ಕ್ಕೆ ಮುಂಚಿನ ಮತ್ತು ನಂತರದ ರೈಫಲ್‌ಗಳನ್ನು ಬೇರೆಬೇರೆ ಎಣಿಸಬೇಕು. ಸ್ವೀಡನ್ನಿನಲ್ಲಿ ಮೂಸ್‌ನಂಥ (ದೊಡ್ಡ ಜಾತಿಯ ಜಿಂಕೆ) ದೊಡ್ಡ ಪ್ರಾಣಿಗೆ 9 ಗ್ರಾಂ ಗುಂಡಾದರೆ 100 ಮೀಟರಿನಲ್ಲಿ 2700 ಜೌಲ್ ಶಕ್ತಿ ಬೇಕು; 10 ಗ್ರಾಂ ಅಥವಾ ಹೆಚ್ಚಿನದಾದರೆ 2000 ಜೌಲ್ ಸಾಕು. 6.5×55 ಅಲ್ಲಿ ಉಳಿದುಕೊಂಡಿರುವುದಕ್ಕೆ ಅದರ 10.1 ಗ್ರಾಂ ಗುಂಡು ಒಂದು ದೊಡ್ಡ ಕಾರಣ.

ಆಮೇಲೆ ಹೆಸರುಗಳ ಗೊಂದಲ ಬಿಡಿಸಿ. 7×57 ಮತ್ತು .275 ರಿಗ್ಬಿ ಒಂದೇ ಕಾಡತೂಸು (1907ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದಿದ್ದಕ್ಕಾಗಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದದ್ದು ಈ .275 ರೈಫಲ್ಲೇ). ಎರಡನ್ನೂ ಒಂದೇ ಸಾಲಿಗೆ ಸೇರಿಸಿ. 8×57ರಲ್ಲಿ ಮಾತ್ರ ಉಲ್ಟಾ, ಅಲ್ಲಿ ಬಿಡಿಸಿ ಬರೆಯಬೇಕು. 1888ರ 'ಐ' ಗುಂಡಿನ ವ್ಯಾಸ 8.08 ಮಿ.ಮೀ.; 1905ರಲ್ಲಿ ಬಂದ 'ಎಸ್' ಗುಂಡಿನದು (ಐಎಸ್ ಎಂದರೆ ಇದೇ) ಸುಮಾರು 8.2. ಹಳೇ ರೈಫಲ್ ಆದರೆ ನಳಿಗೆಯ ಮೇಲಿನ ಮುದ್ರೆಯನ್ನು ಓದಿಯೇ ಪಟ್ಟಿಗೆ ಹಾಕಿ. ಇದು ಬರೀ ಲೆಕ್ಕದ ಮಾತಲ್ಲ: ಸಣ್ಣ ನಳಿಗೆಯಲ್ಲಿ ದಪ್ಪ ಗುಂಡು ಹಾರಿಸಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

ರಿಮ್ ಇರುವ ಕಾಡತೂಸುಗಳಿಗೆ ಪ್ರತ್ಯೇಕ ಕಾಲಂ ಇರಲಿ. ಅವು ಹೆಚ್ಚಾಗಿ ಮಡಚುವ ಕೋವಿಗಳಿಗೆ, ಕೊಳ್ಳುವವರೂ ಬೇರೆ. 7×65 ಆರ್ ಎನ್ನುವುದು 7×64ರ ಜೋಡಿ. ಆದರೆ 9.3×74 ಆರ್ ಅನ್ನು 9.3×62ರ ರಿಮ್ ರೂಪ ಎಂದು ಸೇರಿಸಬೇಡಿ, ಅದರ ಹುಟ್ಟೇ ಬೇರೆ.

ಈಗ ಎಣಿಕೆ. ಆರ್‌ಡಬ್ಲ್ಯೂಎಸ್, ನೋರ್ಮಾ, ಲಾಪುವಾ, ಸೆಲಿಯರ್ ಆಂಡ್ ಬೆಲೊಟ್ ಮುಂತಾದ ಕಾಡತೂಸು ತಯಾರಕರ ಈ ವರ್ಷದ ಕ್ಯಾಟಲಾಗ್ ತೆಗೆದು, ಒಂದೊಂದು ಕಾಡತೂಸಿಗೆ ಎಷ್ಟು ಬಗೆಯ ಬೇಟೆಗುಂಡು ಇದೆ ನೋಡಿ. ಒಂದೇ ಗುಂಡನ್ನು 20ರ ಡಬ್ಬಿಯಲ್ಲೂ 50ರ ಡಬ್ಬಿಯಲ್ಲೂ ಮಾರಿದರೆ ಅದು ಒಂದೇ. ಪೂರ್ತಿ ಲೋಹದ ಕವಚವಿರುವ ಗುರಿಗುಂಡುಗಳನ್ನು ಬಿಟ್ಟುಬಿಡಿ. ಸ್ವೀಡನ್, ನಾರ್ವೆಗಳ ಗುರಿ ಸ್ಪರ್ಧೆಗಳಲ್ಲಿ 6.5×55 ಧಾರಾಳವಾಗಿ ಖರ್ಚಾಗಿರುವುದರಿಂದ ಅದರ ಬೇಟೆ ಬಳಕೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

9.3×62ರಲ್ಲಿ ತಪ್ಪು ಇನ್ನೊಂದು ದಿಕ್ಕಿನಲ್ಲಿ ಆಗುತ್ತದೆ. 1905ರಲ್ಲಿ ಬರ್ಲಿನ್ನಿನ ಒಟ್ಟೊ ಬಾಕ್ ಇದನ್ನು ಸಾಮಾನ್ಯ ಮೌಸರ್ ರೈಫಲ್ಲಿಗೇ ಹೊಂದುವಂತೆ ಮಾಡಿದ. ಆಫ್ರಿಕಾದಲ್ಲಿ ದುಬಾರಿ ರೈಫಲ್ ಕೊಳ್ಳಲಾಗದವರಿಗೂ ದೊಡ್ಡ ಪ್ರಾಣಿಗೆ ಸಾಕಾಗುವ ಬಲ ಸಿಕ್ಕಿತು. ಇದರ ಒದೆತ ಜೋರು, ಅಭ್ಯಾಸಕ್ಕೆಂದು ಯಾರೂ ಸುಮ್ಮನೆ ಹಾರಿಸುವುದಿಲ್ಲ. ಬೇಟೆಗಾರರು ಬಹಳ ಮಂದಿ ಇದ್ದರೂ ಡಬ್ಬಿ ಕಡಿಮೆಯೇ ಹೋಗುತ್ತದೆ. ಇಲ್ಲಿ ರೈಫಲ್‌ಗಳ ಎಣಿಕೆಯನ್ನೇ ನಂಬಿ.

ರೈಫಲ್‌ಗಳಿಗೆ ಎರಡು ಕಾಲಂ: ಹೊಸ ಕ್ಯಾಟಲಾಗಿನಲ್ಲಿರುವುದು, ಸೆಕೆಂಡ್ ಹ್ಯಾಂಡ್ ಮಾರಾಟಕ್ಕಿರುವುದು. ಎರಡನೆಯದು ತುಂಬಿ ಮೊದಲನೆಯದು ಬಡವಾಗಿದ್ದರೆ ಬಳಕೆ ಇಳಿಯುತ್ತಿದೆ ಎಂದೇ ತಿಳಿಯಿರಿ. 7×57ರ ಸ್ಥಿತಿ ಇದು.

ಕಾಡತೂಸುಗಳ ಬಲವನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವುದಾದರೆ ಅಮೆರಿಕದ ಡಬ್ಬಿಯ ಅಂಕಿ ಬೇಡ. ಹಳೇ ನಳಿಗೆಗಳಿಗೆ ಹೆದರಿ ಅಲ್ಲಿನವರು '8 ಎಂಎಂ ಮೌಸರ್' (8×57 ಐಎಸ್‌ಗೆ ಅಲ್ಲಿನ ಹೆಸರು) ಕಾಡತೂಸಿಗೆ ಮದ್ದಿನ ಬಲವನ್ನು ತಗ್ಗಿಸಿಯೇ ತುಂಬುತ್ತಾರೆ. ಯುರೋಪಿನ ಸಿಐಪಿ ಮಾನದಂಡದಲ್ಲಿ 8×57 ಐಎಸ್‌ಗೆ 3900 ಬಾರ್ ಒತ್ತಡದವರೆಗೆ ಅವಕಾಶವಿದೆ. ಅದಕ್ಕೆ ತಕ್ಕಂತೆ ತುಂಬಿದ ಕಾಡತೂಸಿನ ಅಂಕಿಗಳನ್ನೇ ತೆಗೆದುಕೊಳ್ಳಿ.