ಸೀಮೆಸುಣ್ಣದ ಗುಡ್ಡಗಳಲ್ಲಿ ನೂರು ಮೈಲಿ, ಅದೂ ಡಕೋಟಾ ಸೈಕಲ್ಲಿನಲ್ಲಿ

ಜೂನ್ ಎರಡನೇ ಭಾನುವಾರ, ಸಂಜೆ ಏಳರ ಸುಮಾರಿಗೆ ಈಸ್ಟ್‌ಬೋರ್ನ್ ಮುಟ್ಟಿದೆ. ದಕ್ಷಿಣ ಇಂಗ್ಲೆಂಡಿನ ಗುಡ್ಡಗಳ ಮೇಲೆ ವಿಂಚೆಸ್ಟರ್‌ನಿಂದ ಈ ಊರಿನ ತನಕ ಬರುವ ಸೌತ್ ಡೌನ್ಸ್ ವೇ ಎಂಬ ದಾರಿ ಪೂರ್ತಿ, ನೂರು ಮೈಲಿಗೆ ಒಂದೆರಡು ಕಮ್ಮಿ ಇರಬಹುದು, ಎರಡು ಹಗಲಲ್ಲಿ ಮುಗಿಸಿದ್ದೆ. ಸೈಕಲ್ಲು 180 ಪೌಂಡಿಗೆ ಸಿಕ್ಕ ಹಳೇ ಸ್ಟೀಲ್ ಫ್ರೇಮು, ಸಸ್ಪೆನ್ಷನ್ ಮುಂದೂ ಇಲ್ಲ, ಹಿಂದೂ ಇಲ್ಲ. "ಗುರು, ಆ ಡಕೋಟಾ ಗಾಡೀಲಿ ಆಗಲ್ಲ, ಮೂರು ಸಾವಿರದ್ದು ತಗೊಂಡುಬಿಡು" ಎಂದಿದ್ದ ಮೈಸೂರಿನ ಗೆಳೆಯನಿಗೇ ಮೊದಲ ಫೋಟೊ ಕಳಿಸಿದ್ದು.

ಇದಕ್ಕೂ ಮುಂಚೆ ಮೂರು ಸಲ ಸೋತಿದ್ದೆ. ಅದನ್ನೂ ಹೇಳಲೇಬೇಕು.

ಮೊದಲನೇ ಸಲ ಹೊರಟಿದ್ದು ನವೆಂಬರಿನಲ್ಲಿ. ಶಾಲೆಯಲ್ಲಿ ಬೋರ್ಡಿಗೆ ಬರೆಯುತ್ತಿದ್ದೆವಲ್ಲ ಸೀಮೆಸುಣ್ಣ, ಈ ಗುಡ್ಡಗಳೆಲ್ಲ ಅದೇ. ಒಣಗಿದ್ದರೆ ಬಿಳಿ ಸಿಮೆಂಟ್ ರಸ್ತೆ, ನೆನೆದರೆ ಸೋಪು. ಓಲ್ಡ್ ವಿಂಚೆಸ್ಟರ್ ಹಿಲ್ ದಾಟಿ ಇಳಿಯುವಾಗ ಮುಂದಿನ ಚಕ್ರ ಸರ್ರನೆ ಜಾರಿ ಮೊಣಕೈ ಕಿತ್ತುಹೋಯಿತು. ಎದ್ದು ನೋಡಿದರೆ ಚಕ್ರವೇ ತಿರುಗುತ್ತಿಲ್ಲ, ಮಡ್‌ಗಾರ್ಡಿನೊಳಗೆ ಬಿಳಿ ರಾಡಿ ಗಚ್ಚಿನ ಹಾಗೆ ತುಂಬಿದೆ. ನವಲಗುಂದದ ಎರೆ ಹೊಲದಲ್ಲಿ ಸೈಕಲ್ ತುಳಿದವನಿಗೆ ಇದೇನು ಹೊಸದಲ್ಲ, ಕಡ್ಡಿ ಹುಡುಕಿ ಕೆರೆಯುತ್ತ ಕೂತೆ. ಆದರೆ ಎರೆಮಣ್ಣು ಬ್ರೇಕ್ ತಿನ್ನುವುದಿಲ್ಲ. ಇದು ತಿನ್ನುತ್ತದೆ. ಹೊಸ ರೆಸಿನ್ ಬ್ರೇಕ್ ಪ್ಯಾಡು ಒಂದೇ ದಿನದಲ್ಲಿ ಸವೆದು ಲಿವರು ಹ್ಯಾಂಡಲ್ಲಿಗೇ ತಾಗುತ್ತಿತ್ತು. ಇಪ್ಪತ್ತು ಪೌಂಡು ಹೋಯಿತು. ಆಮೇಲೆ ಲೋಹದ ಪುಡಿಯಿಂದ ಮಾಡಿದ ಸಿಂಟರ್ಡ್ ಪ್ಯಾಡು ಬಿಟ್ಟು ಬೇರೆ ಹಾಕಿಲ್ಲ, ಮಡ್‌ಗಾರ್ಡು ಅಟ್ಟ ಸೇರಿದೆ.

ಎರಡನೇ ಸಲ ಮೇ ತಿಂಗಳು, ದಾರಿ ಒಣಗಿತ್ತು. ಈ ಸಲ ಕೈಕೊಟ್ಟಿದ್ದು ಚಕಮಕಿ ಕಲ್ಲು. ಸುಣ್ಣದ ಮಧ್ಯೆ ಅದರ ಗಂಟುಗಳಿರುತ್ತವೆ, ಒಡೆದರೆ ಬ್ಲೇಡು. ಇಲ್ಲಿನ ಹಳ್ಳಿಗಳ ಗೋಡೆ, ಚರ್ಚು ಎಲ್ಲ ಅದರಲ್ಲೇ ಕಟ್ಟಿದ್ದು. ನೋಡಲು ಚೆಂದ, ಟೈರಿಗಲ್ಲ. 35 ಮಿಲಿಮೀಟರ್ ಅಗಲದ ಟೈರು, ಒಳಗೆ ಟ್ಯೂಬು. ಬುಟ್ಸರ್ ಹಿಲ್‌ನಿಂದ ಕಾಕಿಂಗ್ ಬರುವಷ್ಟರಲ್ಲಿ ಮೂರು ಪಂಕ್ಚರ್. ಪ್ಯಾಚು ಮುಗಿಯಿತು, ಟ್ಯಾಕ್ಸಿಗೆ 45 ಪೌಂಡು ಕೊಟ್ಟು ಸ್ಟೇಷನ್ ಸೇರಿದೆ.

ಮೂರನೇ ಸಲ ಹುಂಬತನ. ಇದೇ ದಾರಿಯಲ್ಲಿ 24 ಗಂಟೆಯೊಳಗೆ ಹೋಗಿ ಬಂದವರಿದ್ದಾರೆ, ನನಗೆ ಒಂದು ಕಡೆ ಆಗುವುದಿಲ್ಲವೇ ಎಂದು ಈಸ್ಟ್‌ಬೋರ್ನ್ ಕಡೆಯಿಂದ ಪಶ್ಚಿಮಕ್ಕೆ ಹೊರಟೆ. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದು. ಬೋಳು ಗುಡ್ಡದ ನೆತ್ತಿ, ಇಡೀ ದಿನ ಎದುರುಗಾಳಿ. ಚಾಂಕ್ಟನ್‌ಬರಿ ರಿಂಗ್‌ನ ಬೀಚ್ ಮರಗಳ ಕೆಳಗೆ ಅರ್ಧ ಗಂಟೆ ಸುಮ್ಮನೆ ಬಿದ್ದುಕೊಂಡಿದ್ದೆ. ಕತ್ತಲಾಗುವ ಹೊತ್ತಿಗೆ ಅಂಬರ್ಲಿಗೆ ಇಳಿದೆ. ನೋಡಿದರೆ ಅಲ್ಲೇ ರೈಲ್ವೆ ಸ್ಟೇಷನ್, ಗಾಡಿ ನೇರ ನಾನಿರುವ ಕ್ರಾಲಿಗೆ! ದಾರಿಯ ಹೆಚ್ಚುಕಮ್ಮಿ ನಟ್ಟನಡುವೆ.

ಉಪಾಯ ಹೊಳೆದದ್ದು ಆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ. ಶನಿವಾರ ವಿಂಚೆಸ್ಟರ್‌ನಿಂದ ಅಂಬರ್ಲಿ, ಸುಮಾರು 76 ಕಿಲೊಮೀಟರು. ರೈಲು ಹತ್ತಿ ಮನೆಗೆ, ಸ್ನಾನ, ಅನ್ನ-ಸಾರು, ನಿದ್ದೆ. ಭಾನುವಾರ ಬೆಳಿಗ್ಗೆ ಅದೇ ಸ್ಟೇಷನ್ನಿನಲ್ಲಿ ಇಳಿದು ಮುಂದಕ್ಕೆ. ಟೆಂಟಿಲ್ಲ, ಹೋಟೆಲ್ಲಿಲ್ಲ, ಸೈಕಲ್ ಮೇಲೆ ಮೂಟೆಯಿಲ್ಲ. "ಮನೇಲಿ ಮಲಗಿದ್ರೆ ಅದೆಂಥ ಟೂರು ಮಾರಾಯ" ಎಂದು ನಕ್ಕವರಿದ್ದಾರೆ. ಹೋಟೆಲಿಗೆ ಅವರು ಕೊಟ್ಟದ್ದು 110 ಪೌಂಡು.

ಟೈರು 47ಕ್ಕೆ ಏರಿಸಿದೆ, ಟ್ಯೂಬ್‌ಲೆಸ್. 74 ಕೆಜಿ ದೇಹಕ್ಕೆ ಮುಂದೆ 26, ಹಿಂದೆ 30 ಪಿಎಸ್‌ಐ. ಅಂಗಡಿಯವನು ಇಷ್ಟು ಕಮ್ಮಿ ಬೇಡ ಎಂದ, ನಾನು ಕೇಳಲಿಲ್ಲ. ತೂತು ಬಿದ್ದರೆ ಒಳಗಿನಿಂದಲೇ ಮುಚ್ಚುವ ದ್ರವ, ಅಂದರೆ ಸೀಲೆಂಟು, ಪೇಟೆಯದೇ, ಅದಕ್ಕೆ ಒಂದು ಪುಡಿ ಬೆರೆಸುತ್ತೇನೆ. ಯಾವುದು ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪಂಕ್ಚರ್ ಸೊನ್ನೆ. ದಿನ ಆರಿಸಿದ್ದು ಮಾತ್ರ ಗುಟ್ಟೇನಲ್ಲ: ನಾಲ್ಕು ದಿನ ಮಳೆ ಇರಬಾರದು, ಗಾಳಿ ಬೆನ್ನಿಗಿರಬೇಕು. ಇದಕ್ಕಾಗಿ ಎರಡು ವಾರಾಂತ್ಯ ಬಿಟ್ಟುಕೊಟ್ಟೆ.

ಎತ್ತರದ್ದು ಮೋಸ. ದಾರಿಯ ಅತಿ ಎತ್ತರದ ಬುಟ್ಸರ್ ಹಿಲ್ಲೇ 270 ಮೀಟರು, ನಮ್ಮ ಮುಳ್ಳಯ್ಯನಗಿರಿಯ ಮುಂದೆ ದಿಣ್ಣೆ. ಆದರೆ ಆರನ್, ಅಡೂರ್, ಊಸ್, ಕಕ್‌ಮಿಯರ್ ಎಂದು ಒಂದೊಂದು ನದಿಯೂ ಗುಡ್ಡ ಸೀಳಿಕೊಂಡು ಹೋಗಿದೆ. ಪ್ರತಿಸಲ ತಳಕ್ಕೆ ಇಳಿ, ಮತ್ತೆ ಹತ್ತು. ಎಲ್ಲ ಕೂಡಿದರೆ ನಾಲ್ಕು ಸಾವಿರ ಮೀಟರಿನ ಹತ್ತಿರ. ದಾರಿಗಡ್ಡ ಬರುವ ಗೇಟುಗಳನ್ನು ಅರವತ್ತರ ಮೇಲೆ ಎಣಿಸಲಿಲ್ಲ. ನೀರಿನದು ಇನ್ನೊಂದು ಪಾಡು. ಬಿದ್ದ ಮಳೆಯನ್ನೆಲ್ಲ ಸುಣ್ಣ ಕುಡಿದುಬಿಡುತ್ತದೆ, ಮೇಲೆ ಒಂದು ಹಳ್ಳವಿಲ್ಲ. ಹಿಂದೆ ಕುರಿಗಳಿಗಾಗಿ ಜೇಡಿಮಣ್ಣು ಮೆತ್ತಿ ಹೊಂಡ ಮಾಡುತ್ತಿದ್ದರಂತೆ. ಎರಡು ಲೀಟರ್ ಹೊತ್ತಿದ್ದೆ. ಬಾಟಲಿ ಬರಿದಾದಾಗ ಬಾಟಲ್ಫ್ಸ್ ಎಂಬ ಹಳ್ಳಿಯ ಹತ್ತಿರ, ಅಡೂರ್ ನದಿ ದಾಟುವಲ್ಲಿ ನಲ್ಲಿ ಸಿಕ್ಕಿತು.

ನಡುವೆ ಒಂದು ಪ್ರಯೋಗ. ಒಂದೊಂದು ಎನರ್ಜಿ ಜೆಲ್ಲಿಗೆ ಎರಡು ಪೌಂಡು, ರುಚಿ ಕೆಮ್ಮಿನ ಔಷಧಿ. ಶನಿವಾರ ಜೆಲ್, ಭಾನುವಾರ ಶೇಂಗಾ ಹೋಳಿಗೆ ತಿಂದು ನೋಡಿದೆ. ನಾಲ್ಕಾಗಿ ಮಡಚಿ ಫಾಯಿಲಿನಲ್ಲಿ ಸುತ್ತಿ, ಜೆರ್ಸಿಯ ಹಿಂದಿನ ಕಿಸೆಯಲ್ಲಿ ಎಂಟು. ಬೆನ್ನಿನ ಬಿಸಿಗೆ ಬೆಲ್ಲ ಮೆತ್ತಗಾಗಿ ಮುರಿದರೆ ತುಪ್ಪದ ವಾಸನೆ. ಡಿಚ್ಲಿಂಗ್ ಬೀಕನ್ ಮೇಲೆ ಐಸ್‌ಕ್ರೀಮ್ ವ್ಯಾನಿಗೆ ಸಾಲು ನಿಂತಿದ್ದ ಇಬ್ಬರು ಹಿರಿಯ ಸೈಕಲ್ಲಿನವರಿಗೆ ಒಂದೊಂದು ಕೊಟ್ಟೆ, ಇನ್ನೊಂದು ಇದೆಯಾ ಎಂದರು. ಅಂಥದೇ ಏರು, ಅದೇ ಕಾಲು, ಆದರೆ ಭಾನುವಾರ ಮಧ್ಯಾಹ್ನ ಕೈ ನಡುಗಲಿಲ್ಲ. ಜೆಲ್ ಡಬ್ಬಿ ಅರ್ಧ ಹಾಗೇ ಬಿದ್ದಿದೆ.

ಆಲ್ಫ್ರಿಸ್ಟನ್‌ನಿಂದ ಸಮುದ್ರದ ಅಂಚಿನ ಸೆವೆನ್ ಸಿಸ್ಟರ್ಸ್ ಎಂಬ ಬಿಳಿ ಕಡಿಬಂಡೆಗಳ ದಾರಿ ಸೈಕಲ್ಲಿಗಿಲ್ಲ, ಅದು ನಡೆಯುವವರಿಗೆ. ನಮ್ಮದು ಒಳಗಿನ ಜೆವಿಂಗ್ಟನ್ ದಾರಿ. ಈಸ್ಟ್‌ಬೋರ್ನ್‌ಗೆ ಇಳಿದಾಗ ಮೊಣಕಾಲಿನ ತನಕ ಬಿಳಿ ಧೂಳು, ದೀಪಾವಳಿಗೆ ಮನೆಗೆ ಸುಣ್ಣ ಬಳಿದು ಬಂದವನ ಅವತಾರ.

ಮೈಸೂರಿನವನು ಈಗ ಸೆಪ್ಟೆಂಬರಿಗೆ ನಾನೂ ಬರ್ತೀನಿ ಅನ್ನುತ್ತಿದ್ದಾನೆ. ಸೀಲೆಂಟಿಗೆ ಏನು ಹಾಕ್ತೀಯ ಎಂದು ದಿನಾ ಕೇಳುತ್ತಾನೆ. ಹೋಳಿಗೆ ಮಾಡೋದು ಬೇಕಾದರೆ ಹೇಳಿಕೊಡ್ತೀನಿ ಎಂದಿದ್ದೇನೆ.