ಪ್ಲಾಸ್ಟಿಕ್ ಮಾಡೆಲ್‌ಗೆ ಯಾವ ಅಂಟು? ನನ್ನ ಅನುಭವ

1/72 ಅಳತೆಯ (ಅಸಲಿನ 72ನೇ ಒಂದು ಪಾಲಿನಷ್ಟು) ಸ್ಪಿಟ್‌ಫೈರ್ ಯುದ್ಧವಿಮಾನದ ಮಾಡೆಲ್ ಇರಲಿ, ಮಿಗ್-21 ಇರಲಿ, ಕಿಟ್‌ನ ಬಿಡಿಭಾಗಗಳು ಹೆಚ್ಚಾಗಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದವು. ಅದಕ್ಕೆ ನಾನು ಬಳಸುವುದು ಟಾಮಿಯಾ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಎಂಬ ಅಂಟು, ಹಸಿರು ಮುಚ್ಚಳದ 40 ಮಿಲಿ ಬಾಟಲಿ. ನೀರಿನಷ್ಟು ತೆಳುವಾಗಿರುತ್ತದೆ. ಅದು ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಆಮೇಲೆ ಕಿತ್ತರೆ ಪ್ಲಾಸ್ಟಿಕ್ಕೇ ಮುರಿಯಬೇಕು.

ಮೊದಲು ತುಂಡುಗಳನ್ನು ಒಣದಾಗಿಯೇ ಜೋಡಿಸಿ ನೋಡುತ್ತೇನೆ. ಅಂಟುವ ಅಂಚಿನಲ್ಲಿ ಪೇಂಟ್ ಇದ್ದರೆ ಕೆರೆದು ತೆಗೆಯಲೇಬೇಕು. ಇಲ್ಲದಿದ್ದರೆ ಪೇಂಟ್‌ಗೆ ಪೇಂಟ್ ಅಂಟಿಕೊಂಡು ಕೂರುತ್ತದೆ, ಅಷ್ಟೇ. ವಿಮಾನದ ಒಡಲಿನ ಎರಡು ಹೋಳುಗಳನ್ನು ಒತ್ತಿ ಹಿಡಿದು, ಬ್ರಶ್ ತುದಿಯನ್ನು ಸಂದಿಗೆ ಸುಮ್ನೆ ತಾಗಿಸಿದರೆ ಸಾಕು, ಸಿಮೆಂಟ್ ತಾನಾಗೇ ಗೆರೆಯುದ್ದಕ್ಕೂ ಓಡುತ್ತದೆ. ಬೆರಳು ಮಾತ್ರ ಆ ಗೆರೆಯ ಮೇಲೆ ಇರಬಾರದು. ದ್ರವ ಬೆರಳಿನಡಿ ನುಗ್ಗಿ, ಹೆಬ್ಬೆಟ್ಟಿನ ಗುರುತು ಪ್ಲಾಸ್ಟಿಕ್ ಮೇಲೆ ಅಚ್ಚೊತ್ತಿಬಿಡುತ್ತದೆ. ಟೇಪ್ ಸುತ್ತಿದ್ದರೂ ಅದೇ ಕಥೆ, ಅದರಡಿಗೂ ಹರಿಯುತ್ತದೆ. ಒಂದೆರಡು ಕ್ಷಣ ಬಿಟ್ಟು ಮೆಲ್ಲಗೆ ಒತ್ತಿದಾಗ ಕರಗಿದ ಪ್ಲಾಸ್ಟಿಕ್ ದಾರದಂತೆ ಮೇಲೆ ಉಬ್ಬುತ್ತದೆ. ಅದನ್ನು ಒರೆಸಬೇಡಿ! ಮಾರನೆಯ ದಿನದವರೆಗೆ ಬಿಟ್ಟು ಎಮರಿ ಪೇಪರ್‌ನಲ್ಲಿ ಉಜ್ಜಿದರೆ ಸಂದಿಯೇ ಕಾಣುವುದಿಲ್ಲ, ಎಷ್ಟೋ ಸಲ ಪುಟ್ಟಿ ತುಂಬುವ ಕೆಲಸವೂ ತಪ್ಪುತ್ತದೆ.

ಸಣ್ಣ ಸಂದು ಉಳಿದರೆ ಅದೇ ಕಿಟ್‌ನ ಸ್ಪ್ರೂ (ಬಿಡಿಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿ) ಚೂರುಗಳನ್ನು ಸ್ವಲ್ಪ ಸಿಮೆಂಟ್‌ನಲ್ಲಿ ನೆನೆಸಿಟ್ಟ ಗಟ್ಟಿ ದ್ರವ ತುಂಬುತ್ತೇನೆ. ಆರಲು ಜಾಸ್ತಿ ಹೊತ್ತು ಬೇಕು, ಆದರೆ ಚೆನ್ನಾಗಿ ಆರಿದ ಮೇಲೆ ಸುತ್ತಲಿನ ಪ್ಲಾಸ್ಟಿಕ್‌ನಷ್ಟೇ ಗಟ್ಟಿ.

ಎಲ್ಲದಕ್ಕೂ ಸೂಪರ್ ಗ್ಲೂ ಹಾಕುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಹಿಡಿದುಕೊಂಡ ಮೇಲೆ ತುಂಡನ್ನು ಸರಿಸಲು ಸಮಯವೇ ಸಿಗುವುದಿಲ್ಲ, ಅಡ್ಡ ಪೆಟ್ಟು ಬಿದ್ದರೆ ಟಕ್ಕನೆ ಬಿಡುತ್ತದೆ. ಆದರೆ ಹಿತ್ತಾಳೆಯ ಫೋಟೊ-ಎಚ್ (ರಾಸಾಯನಿಕದಿಂದ ಕೊರೆದ ತೆಳು ತಗಡಿನ) ಭಾಗಗಳಿಗೆ, ಅಚ್ಚಿನಲ್ಲಿ ಎರಕ ಹೊಯ್ದ ರೆಸಿನ್ ತುಂಡುಗಳಿಗೆ ಸಿಮೆಂಟ್ ನಡೆಯುವುದಿಲ್ಲ, ಅಲ್ಲಿ ಸೂಪರ್ ಗ್ಲೂ ಬೇಕೇ ಬೇಕು. ಟ್ಯೂಬಿನಿಂದ ನೇರ ಹಿಂಡುವುದಿಲ್ಲ. ಹಳೆ ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಹನಿ ಬಿಟ್ಟು, ಸೂಜಿಯ ಮೊನೆಯಲ್ಲಿ ತೆಗೆದು ತಾಗಿಸುತ್ತೇನೆ. ಗಾಳಿಯ ತೇವದಿಂದಲೇ ಅದು ಗಟ್ಟಿಯಾಗುವುದು, ಹಾಗಾಗಿ ಮಳೆಗಾಲದಲ್ಲಿ ಇನ್ನೂ ಬೇಗ ಹಿಡಿಯುತ್ತದೆ.

ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳ, ಅಂದರೆ ಕ್ಯಾನೊಪಿಯ ಹತ್ತಿರ ಮಾತ್ರ ಸೂಪರ್ ಗ್ಲೂ ತರುವುದಿಲ್ಲ. ಅದರ ಆವಿ ತಾಗಿ ಬಿಳಿ ಮಂಜು ಕೂತುಬಿಡುತ್ತದೆ. ಕ್ಯಾನೊಪಿಗೆ ನಮ್ಮ ಬಿಳಿ ಫೆವಿಕಾಲೇ ಸರಿ. ಆರಿದ ಮೇಲೆ ಗೆರೆ ಅಷ್ಟಾಗಿ ಕಾಣುವುದಿಲ್ಲ, ಹೆಚ್ಚಾದದ್ದನ್ನು ಹಸಿಯಿದ್ದಾಗಲೇ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹಿಡಿತ ಕಡಿಮೆ, ನಿಜ. ಆದರೆ ಕ್ಯಾನೊಪಿ ಹಿಡಿದು ವಿಮಾನ ಎತ್ತುವವರು ಯಾರು ಹೇಳಿ?