ಮನೆಯಲ್ಲಿ ರೆಕಾರ್ಡ್ ಮಾಡಿದ ಭಜನೆಗಳ ಸೌಂಡು ಒಂದೇ ಹದಕ್ಕೆ ತರುದು ಹೇಗೆ

ನಾವು ಮನೆಯಲ್ಲೇ ಎಂಟು ಭಜನೆ ರೆಕಾರ್ಡ್ ಮಾಡಿದ್ದು, ಕೆಲವು ಚಾವಡಿಯಲ್ಲಿ, ಕೆಲವು ಮಾಳಿಗೆಯಲ್ಲಿ, ಮೈಕ್ ಮಾತ್ರ ಒಂದೇ. ಪೆನ್‌ಡ್ರೈವಿಗೆ ಹಾಕಿ ಬದಿಯಡ್ಕದಿಂದ ಕುಂಬಳೆಗೆ ಹೋಗುವಾಗ ಕಾರಲ್ಲಿ ಕೇಳಿದ್ರೆ ಒಂದು ಹಾಡು ಪಿಸುಗುಟ್ಟಿದ ಹಾಗೆ, ಮುಂದಿನದ್ದು ಕಿವಿಗೆ ಬಡಿದ ಹಾಗೆ, ದಾರಿಯುದ್ದಕ್ಕೂ ವಾಲ್ಯೂಮ್ ತಿರುಗಿಸುದೇ ಕೆಲಸ ಮಾರಾಯ್ರೇ.

ನಾನು ಮಾಡಿದ ತಪ್ಪು ಎಂತ ಅಂದ್ರೆ ಎಲ್ಲಾ ಹಾಡಿಗೂ ಎಡಿಟಿಂಗ್ ಸಾಫ್ಟ್‌ವೇರಲ್ಲಿ ನಾರ್ಮಲೈಸ್ (ಹಾಡಿನ ಸೌಂಡನ್ನು ತಾನೇ ಏರಿಸಿ ಇಳಿಸುವ ಆಯ್ಕೆ) ಒತ್ತಿ ಬಿಟ್ಟದ್ದು. ಅದು ನೋಡುದು ಹಾಡಿನಲ್ಲಿ ಎಲ್ಲಕ್ಕಿಂತ ಎತ್ತರದ ಪೀಕ್, ಅಂದ್ರೆ ಸೌಂಡು ಅತಿ ಮೇಲೆ ಹೋದ ಆ ಒಂದು ಕ್ಷಣವನ್ನೇ. ತಾಳದ ಒಂದೇ ಒಂದು ಏಟು ಮೇಲೆ ಮುಟ್ಟಿದ್ರೆ ಅಲ್ಲಿಗೆ ಮುಗೀತು, ಸ್ವರ ಎಷ್ಟು ಕೆಳಗಿದ್ರೂ ಅದಕ್ಕೆ ಲೆಕ್ಕ ಇಲ್ಲ. ಬರೀ ಹಾರ್ಮೋನಿಯಂ ಇಟ್ಟು ಹಾಡಿದ್ದರಲ್ಲಿ ಅಂಥ ಏಟೇ ಇಲ್ಲ, ಹಾಗಾಗಿ ಅದು ಪೂರ್ತಿ ಮೇಲೆ ಬಂತು.

ಈಗ ಮಾಡುದು ಹೀಗೆ. ಎಂಟೂ ಹಾಡನ್ನು ಆಡಾಸಿಟಿ, ರೀಪರ್ ಇಂಥ ಯಾವುದಾದ್ರೂ ಸೌಂಡ್ ಎಡಿಟಿಂಗ್ ಸಾಫ್ಟ್‌ವೇರಲ್ಲಿ ಒಂದೇ ಪ್ರಾಜೆಕ್ಟಲ್ಲಿ ಬೇರೆ ಬೇರೆ ಟ್ರ್ಯಾಕಿಗೆ ಹಾಕಿ, ಸ್ವರ ಚಂದ ಬಂದದ್ದು ಯಾವುದೋ ಒಂದನ್ನು ಅಳತೆಗೆ ಅಂತ ಇಟ್ಕೊಳ್ಳಿ, ಅದನ್ನು ಹೆಚ್ಚು ಮುಟ್ಟುದು ಬೇಡ. ಮೊದಲು ಈಕ್ಯೂ (ತಗ್ಗು, ನಡು, ಎತ್ತರದ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುದು), ಆಮೇಲೆ ಲೆವೆಲ್ (ಒಟ್ಟು ಜೋರು), ಯಾಕಂದ್ರೆ ಈಕ್ಯೂ ಮಾಡಿದ ಕೂಡ್ಲೇ ಲೆವೆಲ್ಲೂ ಬದಲಾಗ್ತದೆ.

ಈಕ್ಯೂನಲ್ಲಿ ಮೊದಲ ಕೆಲಸ ಹೈಪಾಸ್, ಅಂದ್ರೆ ಒಂದು ಗೆರೆಗಿಂತ ತಗ್ಗಿನ ಸದ್ದನ್ನು ತೆಗೆಯುದು, ಗಂಡಸಿನ ಸ್ವರಕ್ಕೆ 80 ಹರ್ಟ್ಝ್ ಹತ್ರ, ಹೆಂಗಸರದ್ದಕ್ಕೆ 100ರ ಮೇಲೆ ಹೋದ್ರೂ ತೊಂದರೆ ಇಲ್ಲ. ನಮ್ಮ ಕರೆಂಟ್ 50 ಹರ್ಟ್ಝ್, ಅದರ ಗುಂಯ್ ಅರ್ಧ ಅಲ್ಲೇ ಹೋಗ್ತದೆ, ಉಳಿದದ್ದು 100, 150ರಲ್ಲಿ ಕೂತಿರ್ತದೆ, ಬೇಕಾದ್ರೆ ಸಪೂರ ನಾಚ್ (ಆ ಒಂದು ಜಾಗದ ಸದ್ದನ್ನು ಮಾತ್ರ ಕತ್ತರಿಸುವ ಫಿಲ್ಟರ್) ಹಾಕಿ. ಸಣ್ಣ ಕೋಣೆಯಲ್ಲಿ ಹಾಡಿದ್ದು ಕೊಡಪಾನದ ಒಳಗಿಂದ ಬಂದ ಹಾಗೆ ಕೇಳ್ತದಲ್ವಾ, ಅದು 200ರಿಂದ 400ರ ಒಳಗೆ ಉಂಟು, ಎರಡು ಮೂರು ಡಿಬಿ (ಡೆಸಿಬೆಲ್, ಜೋರಿನ ಅಳತೆ) ಇಳಿಸಿ ನೋಡಿ, ಆರೇಳು ಇಳಿಸಿದ್ರೆ ಸ್ವರದ ಮೈಯೇ ಹೋಗ್ತದೆ. ಸಾಹಿತ್ಯ ಸ್ಪಷ್ಟ ಇಲ್ಲದಿದ್ರೆ 3 ಕಿಲೋಹರ್ಟ್ಝ್ ಆಸುಪಾಸು ಸ್ವಲ್ಪ ಏರಿಸಬಹುದು, ಆದ್ರೆ ಹಾರ್ಮೋನಿಯಂ ಅದೇ ಮೈಕಿಗೆ ಬಿದ್ದಿದ್ರೆ ಅದೂ ಒಟ್ಟಿಗೆ ಕಿರುಚ್ತದೆ. ಹಂಚಿನ ಮೇಲೆ ಬಿದ್ದ ಮಳೆಯ ಸದ್ದು ಯಾವ ಈಕ್ಯೂಗೂ ಹೋಗುದಿಲ್ಲ, ಅದು ಕೆಳಗಿಂದ ಮೇಲಿನವರೆಗೆ ಹರಡಿಕೊಂಡಿರ್ತದೆ, ಮಳೆ ಬಿಟ್ಟ ಮೇಲೆ ಇನ್ನೊಮ್ಮೆ ಹಾಡಿಸುದೇ ಸಲೀಸು.

ಇನ್ನು ಲೆವೆಲ್. ಆಡಾಸಿಟಿಯಲ್ಲಿ ಲೌಡ್‌ನೆಸ್ ನಾರ್ಮಲೈಸೇಶನ್ ಅಂತ ಬೇರೆಯೇ ಉಂಟು, ಅದು ಕಿವಿಗೆ ಕೇಳುವ ಸರಾಸರಿ ಜೋರನ್ನು ಎಲ್‌ಯುಎಫ್‌ಎಸ್ ಲೆಕ್ಕದಲ್ಲಿ ಅಳೆಯುದು, ಈ ಲೆಕ್ಕದಲ್ಲಿ ಸೊನ್ನೆಗೆ ಹತ್ರ ಬಂದಷ್ಟೂ ಜೋರು. ತೆರೆದ ಕೂಡ್ಲೇ ಮೈನಸ್ 23 ತೋರಿಸ್ತದೆ, ಅದು ಯುರೋಪಿನ ಟಿವಿ ರೇಡಿಯೋದ ಅಳತೆ, ನಮಗೆ ತೀರಾ ಕಮ್ಮಿ. ಸದ್ಯಕ್ಕೆ ಎಲ್ಲವನ್ನೂ ಮೈನಸ್ 18ಕ್ಕೆ ತನ್ನಿ.

ಆದ್ರೆ ನಂಬರ್ ಒಂದೇ ಬಂತು ಅಂತ ಅಲ್ಲಿಗೇ ನಿಲ್ಲಿಸ್ಬೇಡಿ. ತಾಳ, ತಬಲ, ಕೋರಸ್ ಎಲ್ಲಾ ಇರುವ ಹಾಡಲ್ಲಿ ಆ ಜೋರಿನ ಪಾಲು ಅವುಗಳಿಗೇ ಹೋಗಿ ಸ್ವರ ಹಿಂದೆ ಬೀಳ್ತದೆ, ಬರೀ ಶ್ರುತಿ ಪೆಟ್ಟಿಗೆ ಇಟ್ಟು ಹಾಡಿದ್ದರಲ್ಲಿ ಸ್ವರ ಮೂಗಿನ ಎದುರೇ ಬಂದು ನಿಲ್ತದೆ. ಹಾಗಾಗಿ ಪ್ರತಿ ಹಾಡಿಂದ ಚರಣದ ಇಪ್ಪತ್ತು ಸೆಕೆಂಡ್ ಹಿಡಿದು ಅಳತೆಯ ಹಾಡಿನ ಪಕ್ಕ ಇಟ್ಟು ಸೋಲೋ (ಒಂದೇ ಟ್ರ್ಯಾಕ್ ಕೇಳಿಸುವ ಬಟನ್) ಬದಲಿಸ್ತಾ ಸ್ವರವನ್ನು ಮಾತ್ರ ಕೇಳಿ, ಒಂದೊಂದು ಡಿಬಿ ಏರಿಸಿ ಇಳಿಸಿ. ಕಣ್ಣು ಮುಚ್ಚಿದ್ರೆ ಹಾಡುವವರು ಅಷ್ಟೇ ದೂರದಲ್ಲಿ ಕೂತಿದ್ದಾರೆ ಅನ್ನಿಸ್ಬೇಕು, ಅದೇ ಲೆಕ್ಕ. ಈ ಕೆಲಸ ಮುಗಿಯುವವರೆಗೆ ಹೆಡ್‌ಫೋನಿನ ವಾಲ್ಯೂಮ್ ಮುಟ್ಲೇಬಾರ್ದು, ಸಣ್ಣ ವಾಲ್ಯೂಮಲ್ಲಿ ಕಿವಿಗೆ ಬೇಸ್ ಕಮ್ಮಿ ಕೇಳ್ತದೆ, ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಎಲ್ಲಾ ಹೊಂದಿದ ಮೇಲೆ ಎಂಟನ್ನೂ ಒಟ್ಟಿಗೆ ಅಷ್ಟಷ್ಟೇ ಏರಿಸಿ, ಹಾಡು ಕೇಳಿಸುವ ಆ್ಯಪ್ ಸ್ಪಾಟಿಫೈ ಹೇಳುವ ಮೈನಸ್ 14 ಎಲ್‌ಯುಎಫ್‌ಎಸ್ ಹತ್ರ. ಮೇಲೆ ತಾಗುವ ತಾಳದ ಏಟುಗಳನ್ನು ಲಿಮಿಟರ್ (ಸೌಂಡು ಒಂದು ಗೆರೆ ದಾಟದ ಹಾಗೆ ಅಮುಕುವ ಎಫೆಕ್ಟ್) ಮೈನಸ್ 1 ಡಿಬಿಯಲ್ಲಿ ಹಿಡಿಯಲಿ, ಮೂರ್ನಾಲ್ಕು ಡಿಬಿಗಿಂತ ಹೆಚ್ಚು ಅಮುಕುದಾದ್ರೆ ಒಟ್ಟು ಲೆವೆಲ್ಲೇ ಸ್ವಲ್ಪ ಕೆಳಗಿಡಿ. ಮತ್ತೆ ಪುನಃ ಅದೇ ಕಾರಲ್ಲಿ ಒಂದು ರೌಂಡ್ ಹೋಗಿ ಬನ್ನಿ, ವಾಲ್ಯೂಮಿಗೆ ಕೈ ಹೋದದ್ದು ಯಾವ ಹಾಡಿಗೆ ಅಂತ ಬರ್ಕೊಂಡು ಅದನ್ನು ಮಾತ್ರ ತಿದ್ದಿ.